ಹುಳಿ ಕೋಳಿ ಸಾರಿಗೆ ಸುವರ್ಣಗೆಡ್ಡೆ ಹಾಕುವ ಕ್ರಮ

ಕೋಳಿ ಸಾರಿಗೆ ಹುಣಸೆಹುಳಿ ಹಾಕಿದರೆ ಸುವರ್ಣಗೆಡ್ಡೆಯ ಹೋಳುಗಳು ಬೇಯುವುದಿಲ್ಲ, ಹುಳಿ ಕಡಿಮೆ ಮಾಡಿದರೆ ಗಂಟಲು ತುರಿಸುತ್ತದೆ, ಏನು ಮಾಡಬೇಕೆಂದು ಕೇಳಿದ್ದೀರಿ. ಕಾಸರಗೋಡಿನ ಕುಂಬಳೆಯ ಕಡೆಯವನಾದ ನನಗೆ ಇದು ಬಹಳ ಪ್ರೀತಿಯ ಅಡುಗೆಯಾದ್ದರಿಂದ ನಮ್ಮ ಮನೆಯ ಕ್ರಮವನ್ನೇ ತಿಳಿಸುತ್ತೇನೆ.

ನೀವು ಬದಲಿಸಬೇಕಾದದ್ದು ಹುಳಿಯ ಪ್ರಮಾಣವನ್ನಲ್ಲ, ಅದನ್ನು ಹಾಕುವ ಹೊತ್ತನ್ನು. ಗೆಡ್ಡೆಯಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಮೊನೆಯ ಹರಳುಗಳು ಗಂಟಲನ್ನು ಚುಚ್ಚುವುದರಿಂದ ತುರಿಕೆಯಾಗುತ್ತದೆ. ಚೆನ್ನಾಗಿ ಬೆಂದು ಹುಳಿ ಹಿಡಿದ ಹೋಳಿನಲ್ಲಿ ಅದು ತಗ್ಗುತ್ತದೆ. ಆದರೆ ತರಕಾರಿಯ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿಡುವ ಪೆಕ್ಟಿನ್ ಹುಳಿಯಲ್ಲಿ ಸುಲಭವಾಗಿ ಸಡಿಲಗೊಳ್ಳದ ಕಾರಣ, ಮೊದಲೇ ಹುಳಿ ಬಿದ್ದ ಗೆಡ್ಡೆ ಬಹಳ ಹೊತ್ತು ಕುದಿಸಿದರೂ ಗಟ್ಟಿಯಾಗಿಯೇ ಉಳಿಯುತ್ತದೆ. ಆಲೂಗಡ್ಡೆಯಲ್ಲೂ ಹೀಗೆಯೇ ಆಗುತ್ತದೆ.

ಆದ್ದರಿಂದ ಒಂದು ಕಿಲೋ ಕೋಳಿಗೆ ಸುಮಾರು 350 ಗ್ರಾಂ ಗೆಡ್ಡೆ ತೆಗೆದುಕೊಂಡು, ಕೈಗೆ ತೆಂಗಿನೆಣ್ಣೆ ಸವರಿಕೊಂಡು ಸಿಪ್ಪೆಯನ್ನು ದಪ್ಪವಾಗಿ ಹೆರೆದು, ದೊಡ್ಡ ಹೋಳುಗಳನ್ನಾಗಿ ಮಾಡಿ, ಅರಸಿನ ಮತ್ತು ಉಪ್ಪು ಹಾಕಿದ ನೀರಿನಲ್ಲಿ ಮುಕ್ಕಾಲು ಪಾಲು ಬೇಯಿಸಿ. ಆ ನೀರನ್ನು ಪೂರ್ತಿ ಬಸಿದುಬಿಡಬೇಕು; ಸಾರಿಗೆ ಬಳಸಬಾರದು. ಹೋಳುಗಳು ಬಿಸಿಯಿರುವಾಗಲೇ ಅವುಗಳ ಮೇಲೆ ಸ್ವಲ್ಪ ಹುಳಿನೀರು ಸುರಿದು ಬದಿಗಿಟ್ಟರೆ ಒಳಗಿನವರೆಗೂ ಹುಳಿ ಹಿಡಿಯುತ್ತದೆ. ನನ್ನ ಮಟ್ಟಿಗೆ ಇಡೀ ಅಡುಗೆಯ ರುಚಿ ನಿಂತಿರುವುದು ಈ ಹಂತದ ಮೇಲೆ.

ಮಸಾಲೆಗೆ ಎಂಟು ಬ್ಯಾಡಗಿ ಮೆಣಸು, ಖಾರಕ್ಕೆಂದು ಮೂರು ಗಿಡ್ಡ ಮೆಣಸು, ಎರಡು ದೊಡ್ಡ ಚಮಚ ಕೊತ್ತಂಬರಿ, ಒಂದು ಚಿಕ್ಕ ಚಮಚ ಜೀರಿಗೆ, ಅಷ್ಟೇ ಕಾಳುಮೆಣಸು ಮತ್ತು ಕಾಲು ಚಮಚ ಮೆಂತೆಯನ್ನು ತೆಂಗಿನೆಣ್ಣೆಯಲ್ಲಿ ಹುರಿದು, ಅರ್ಧ ಕಾಯಿತುರಿ ಮತ್ತು ಬೆಳ್ಳುಳ್ಳಿಯೊಂದಿಗೆ ನುಣ್ಣಗೆ ಅರೆಯಿರಿ. ಮೆಂತೆ ಕರಟಿದರೆ ಸಾರು ಕಹಿಯಾಗುತ್ತದೆ, ಅದನ್ನು ಕೊನೆಯಲ್ಲಿ ಹುರಿಯಿರಿ.

ನೀರುಳ್ಳಿಯೊಂದಿಗೆ ಕೋಳಿಯನ್ನು ಬಾಡಿಸಿ, ಅದು ಅರ್ಧ ಬೆಂದ ಮೇಲೆ ಮಸಾಲೆ ಹಾಕಿ. ಊರಿನ ಕೋಳಿಯಾದರೆ ಇದಕ್ಕೆ ಬಹಳ ಹೆಚ್ಚು ಹೊತ್ತು ಬೇಕಾಗುವುದರಿಂದ ಗೆಡ್ಡೆಯನ್ನು ಅವಸರದಿಂದ ಸೇರಿಸಬೇಡಿ. ಮಾಂಸ ಬೆಂದ ನಂತರ ಗೆಡ್ಡೆಯನ್ನು ಹಾಕಿ, ಅದು ಪೂರ್ತಿ ಮೆತ್ತಗಾಗಿದೆಯೆಂದು ಖಚಿತವಾದ ಮೇಲೆಯೇ ನಿಂಬೆಗಾತ್ರದ ಹುಣಸೆಯ ಉಳಿದ ರಸ ಹಾಕಿ ಐದು ನಿಮಿಷ ಕುದಿಸಿ. ಹುಣಸೆಯ ಬದಲು ಪುನರ್ಪುಳಿಯ (ಕೋಕಂ) ಒಣಸಿಪ್ಪೆಯನ್ನೂ ಹಾಕಬಹುದು. ಆದರೆ ಅದು ಮೀನಿಗೆ ಒಗ್ಗುವಷ್ಟು ಕೋಳಿಗೆ ಒಗ್ಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ.