12 ವೋಲ್ಟ್ ಎಸ್‌ಎಂಪಿಎಸ್‌ನಿಂದ 13.8 ವೋಲ್ಟ್ ಪಡೆಯಬಹುದೇ?

ಪ್ರಶ್ನೆ: ನನ್ನ ಬಳಿ 230 ವೋಲ್ಟ್ ಮೇನ್ಸ್‌ಗೆ ಜೋಡಿಸುವ, 12 ವೋಲ್ಟ್ 10 ಆಂಪಿಯರ್‌ನ ಫ್ಲೈಬ್ಯಾಕ್ ಮಾದರಿಯ ಎಸ್‌ಎಂಪಿಎಸ್ (ಮೇನ್ಸ್ ವಿದ್ಯುತ್ತನ್ನು ವೇಗವಾಗಿ ಸ್ವಿಚ್ ಮಾಡಿ ಕಡಿಮೆ ಡಿಸಿ ವೋಲ್ಟೇಜ್ ಕೊಡುವ ಸಾಧನ) ಇದೆ. ಅದರಿಂದ ಒಂದು ಲೆಡ್-ಆಸಿಡ್ ಬ್ಯಾಟರಿಯನ್ನು 13.8 ವೋಲ್ಟ್‌ನಲ್ಲಿ ಸದಾ ಚಾರ್ಜ್ ಆಗಿರುವಂತೆ ಇಡಬೇಕೆಂದಿದ್ದೇನೆ. ಹೊಂದಾಣಿಕೆಯ ಪ್ರಿಸೆಟ್ (ತಿರುಗಿಸಿ ಬದಲಿಸಬಹುದಾದ ಸಣ್ಣ ರೆಸಿಸ್ಟರ್) ಅನ್ನು ಪೂರ್ತಿ ತಿರುಗಿಸಿದರೂ 13.2 ದಾಟುವುದಿಲ್ಲ. ಒಂದು ರೆಸಿಸ್ಟರ್ ಬದಲಿಸಿದರೆ ಸಾಕೇ? ಇದೇ ಉಪಾಯದಿಂದ 5 ಅಥವಾ 24 ವೋಲ್ಟ್ ಕೂಡ ಪಡೆಯಬಹುದೇ?

ಉತ್ತರ: 13.8 ವೋಲ್ಟ್ ಸಾಧ್ಯ. 5 ಮತ್ತು 24 ವೋಲ್ಟ್‌ಗಳ ಆಸೆಯನ್ನು ಬಿಡುವುದು ಒಳ್ಳೆಯದು. ಇಂತಹ ಎಸ್‌ಎಂಪಿಎಸ್‌ಗಳಲ್ಲಿ ಸಾಮಾನ್ಯವಾಗಿ ಔಟ್‌ಪುಟ್ ಬದಿಯಲ್ಲಿ ಟಿಎಲ್431 ಎಂಬ ಮೂರು ಕಾಲಿನ ಐಸಿ ಇರುತ್ತದೆ. ಅದರ ರೆಫರೆನ್ಸ್ ಕಾಲಿಗೆ ಎರಡು ರೆಸಿಸ್ಟರ್‌ಗಳ ಮೂಲಕ ಬರುವ ವೋಲ್ಟೇಜ್ 2.5ರಲ್ಲಿಯೇ ನಿಲ್ಲುವಂತೆ ಅದು ಆಪ್ಟೊಕಪ್ಲರ್ (ತಂತಿಯ ಸಂಪರ್ಕವಿಲ್ಲದೆ ಬೆಳಕಿನಿಂದ ಸಂಕೇತ ದಾಟಿಸುವ ಬಿಡಿಭಾಗ) ಮೂಲಕ ಮೇನ್ಸ್ ಬದಿಯ ಕಂಟ್ರೋಲರ್‌ಗೆ ಸೂಚನೆ ಕೊಡುತ್ತಿರುತ್ತದೆ. ಔಟ್‌ಪುಟ್‌ನಿಂದ ಬರುವ ಮೇಲಿನ ರೆಸಿಸ್ಟರ್ 38 ಕಿಲೊಓಮ್, ಗ್ರೌಂಡ್‌ಗೆ ಹೋಗುವ ಕೆಳಗಿನದು ಪ್ರಿಸೆಟ್ ಸೇರಿ 10 ಕಿಲೊಓಮ್ ಎಂದುಕೊಂಡರೆ, 2.5 × (1 + 38/10) ಎಂಬ ಲೆಕ್ಕದಂತೆ 12 ವೋಲ್ಟ್ ಬರುತ್ತದೆ. ಪ್ರಿಸೆಟ್ ಅನ್ನು ಮೊದಲು 12 ವೋಲ್ಟ್‌ಗೆ ಮರಳಿಸಿ, ಕೆಳಗಿನ ಭಾಗಕ್ಕೆ ಸಮಾನಾಂತರವಾಗಿ 56 ಕಿಲೊಓಮ್ ಬೆಸುಗೆ ಹಾಕಿದರೆ ಔಟ್‌ಪುಟ್ ಸುಮಾರು 13.7ಕ್ಕೆ ಏರುತ್ತದೆ, ಉಳಿದದ್ದನ್ನು ಪ್ರಿಸೆಟ್‌ನಿಂದಲೇ ಸರಿಪಡಿಸಬಹುದು. ನಿಮ್ಮ ಬೋರ್ಡ್‌ನ ರೆಸಿಸ್ಟರ್‌ಗಳ ಮೌಲ್ಯಗಳು ಬೇರೆ ಇರುತ್ತವೆ, ಆದ್ದರಿಂದ ಅಳೆದು ಲೆಕ್ಕ ಮಾಡಿಕೊಳ್ಳಿ.

ಕೆಳಗಿನ ಭಾಗಕ್ಕೇ ಸೇರಿಸಬೇಕೆಂದು ಒತ್ತಿ ಹೇಳಲು ಕಾರಣವಿದೆ. ಹೊಸ ರೆಸಿಸ್ಟರ್‌ನ ಬೆಸುಗೆ ಮುಂದೊಂದು ದಿನ ಬಿಟ್ಟುಹೋದರೂ ಔಟ್‌ಪುಟ್ 12 ವೋಲ್ಟ್‌ಗೆ ಮರಳುತ್ತದೆ, ಅಷ್ಟೇ. ಅದರ ಬದಲು ಮೇಲಿನ ರೆಸಿಸ್ಟರ್‌ನೊಂದಿಗೆ ಸರಣಿಯಲ್ಲಿ ಇನ್ನೊಂದು ಪ್ರಿಸೆಟ್ ಹಾಕಿ, ಅದರ ಸಂಪರ್ಕ ಕಡಿದರೆ ಟಿಎಲ್431ಗೆ ವೋಲ್ಟೇಜ್ ಇಲ್ಲವೇ ಇಲ್ಲವೆಂದು ತೋರಿ, ಔಟ್‌ಪುಟ್ ಹತೋಟಿ ಮೀರಿ ಏರುತ್ತದೆ ಮತ್ತು ಅದಕ್ಕೆ ಜೋಡಿಸಿದ ಉಪಕರಣ ಹಾಳಾಗುತ್ತದೆ. ಬಹಳ ಜನ ಆರಿಸಿಕೊಳ್ಳುವುದು ಈ ಎರಡನೆಯ ದಾರಿಯನ್ನೇ ಎಂಬುದು ನನಗೆ ಕಳವಳದ ವಿಷಯ.

ಔಟ್‌ಪುಟ್ ಕೆಪಾಸಿಟರ್‌ಗಳು 16 ವೋಲ್ಟ್‌ನವಾಗಿದ್ದರೆ 25 ವೋಲ್ಟ್‌ನ, ಕಡಿಮೆ ಇಎಸ್‌ಆರ್ (ಕೆಪಾಸಿಟರ್‌ನ ಒಳಗಿನ ರೋಧ) ಉಳ್ಳವನ್ನು ಹಾಕಿ, ಏಕೆಂದರೆ ಬದಲಾವಣೆಯ ನಂತರ ಪ್ರಿಸೆಟ್ ಪೂರ್ತಿ ತಿರುಗಿದರೆ ಔಟ್‌ಪುಟ್ 15 ವೋಲ್ಟ್ ಮುಟ್ಟುತ್ತದೆ. ಅತಿವೋಲ್ಟೇಜ್ ರಕ್ಷಣೆಗೆಂದು ಝೀನರ್ ಡಯೋಡ್ ಇದ್ದರೆ ಅದು ಎಷ್ಟು ವೋಲ್ಟ್‌ನದೆಂಬುದನ್ನೂ ನೋಡಿ. ಒಟ್ಟು ಶಕ್ತಿ 120 ವ್ಯಾಟ್‌ಗಳೇ ಆದ್ದರಿಂದ ಇನ್ನು ಮುಂದೆ 8.7 ಆಂಪಿಯರ್‌ಗಿಂತ ಹೆಚ್ಚು ಎಳೆಯಬಾರದು.

5 ಮತ್ತು 24 ವೋಲ್ಟ್ ಏಕೆ ಬೇಡವೆಂದರೆ, ಟ್ರಾನ್ಸ್‌ಫಾರ್ಮರ್‌ನ ಸುತ್ತುಗಳ ಅನುಪಾತವನ್ನು ರೆಸಿಸ್ಟರ್ ಬದಲಿಸಲಾರದು. ಕಂಟ್ರೋಲರ್ ಐಸಿಗೆ ವಿದ್ಯುತ್ ಕೊಡುವ ಸಹಾಯಕ ಸುರುಳಿಯೂ ಅದೇ ಟ್ರಾನ್ಸ್‌ಫಾರ್ಮರ್ ಮೇಲಿದ್ದು, ಅದರ ವೋಲ್ಟೇಜ್ ಔಟ್‌ಪುಟ್ ಜೊತೆಗೇ ಏರಿಳಿಯುತ್ತದೆ. ಉದಾಹರಣೆಗೆ ಯುಸಿ3842 ಐಸಿ ಸುಮಾರು 16 ವೋಲ್ಟ್‌ನಲ್ಲಿ ಎಚ್ಚರಗೊಂಡು 10 ವೋಲ್ಟ್‌ಗಿಂತ ಕೆಳಗೆ ನಿಂತುಬಿಡುತ್ತದೆ. ಔಟ್‌ಪುಟ್ 12 ಇದ್ದಾಗ ಆ ಸುರುಳಿಯಲ್ಲಿ 15 ವೋಲ್ಟ್ ಇದ್ದರೆ, 5ಕ್ಕೆ ಇಳಿಸಿದಾಗ ಉಳಿಯುವುದು ಸುಮಾರು 6 ಮಾತ್ರ, ಹೀಗಾಗಿ ಎಸ್‌ಎಂಪಿಎಸ್ ಆರುತ್ತ ಹೊತ್ತುತ್ತ ಇರುತ್ತದೆ. 24ಕ್ಕೆ ಏರಿಸಿದರೆ ಆ ಸುರುಳಿ 30 ವೋಲ್ಟ್ ತಲುಪುತ್ತದೆ, ಜೊತೆಗೆ ಮಾಸ್‌ಫೆಟ್ (ಮೇನ್ಸ್ ಬದಿಯಲ್ಲಿ ಸ್ವಿಚ್‌ನಂತೆ ಕೆಲಸ ಮಾಡುವ ಟ್ರಾನ್ಸಿಸ್ಟರ್) ಆಫ್ ಆದಾಗ ಔಟ್‌ಪುಟ್‌ನಿಂದ ಪ್ರೈಮರಿಗೆ (ಮೇನ್ಸ್ ಬದಿಯ ಸುರುಳಿಗೆ) ಪ್ರತಿಫಲಿಸಿ ಅದರ ಮೇಲೆ ಬೀಳುವ ವೋಲ್ಟೇಜ್ ಇಮ್ಮಡಿಯಾಗುತ್ತದೆ. ಶೇಕಡಾ 15ರೊಳಗಿನ ಬದಲಾವಣೆಗೆ ಮಾತ್ರ ಕೈಹಾಕಿ. ಅದಕ್ಕಿಂತ ಹೆಚ್ಚು ಬೇಕಾದಾಗ 12 ವೋಲ್ಟ್ ಅನ್ನು ಹಾಗೆಯೇ ಉಳಿಸಿಕೊಂಡು ಮುಂದೆ ಬಕ್ (ವೋಲ್ಟೇಜ್ ಇಳಿಸುವ) ಅಥವಾ ಬೂಸ್ಟ್ (ಏರಿಸುವ) ಕನ್ವರ್ಟರ್ ಜೋಡಿಸುವುದೇ ಸರಿಯಾದ ಮಾರ್ಗ.

ಬ್ಯಾಟರಿಯ ವಿಷಯದಲ್ಲಿ ಇನ್ನೊಂದು ತೊಡಕಿದೆ. ಪೂರ್ತಿ ಬರಿದಾದ ಬ್ಯಾಟರಿ ಮೊದಲ ಹೊತ್ತಿನಲ್ಲಿ ಅಪಾರ ಕರೆಂಟ್ ಎಳೆಯುತ್ತದೆ. ಮಿತಿ ಮೀರಿದಾಗ ಕರೆಂಟ್ ಅನ್ನು ಹಿಡಿದಿಡುವ ಬದಲು ನಿಂತು ಮತ್ತೆ ಆರಂಭವಾಗುವ ಎಸ್‌ಎಂಪಿಎಸ್ ಆಗಿದ್ದರೆ ಚಾರ್ಜ್ ಆಗುವುದೇ ಇಲ್ಲ. ಆದ್ದರಿಂದ ನಡುವೆ ಕರೆಂಟ್ ಮಿತಿಗೊಳಿಸುವ ಮಂಡಲವೊಂದು ಬೇಕು, ಬ್ಯಾಟರಿಯ ತಂತಿಯಲ್ಲಿ ಫ್ಯೂಸ್ ಕಡ್ಡಾಯ.

ಪೆಟ್ಟಿಗೆ ತೆರೆಯುವ ಮುನ್ನ ತಿಳಿದಿರಲಿ: ಮೇನ್ಸ್ ಬದಿಯ ದೊಡ್ಡ ಕೆಪಾಸಿಟರ್‌ನಲ್ಲಿ ಸುಮಾರು 325 ವೋಲ್ಟ್ ಇರುತ್ತದೆ ಮತ್ತು ಪ್ಲಗ್ ಕಿತ್ತ ಮೇಲೂ ಅದು ಪ್ರಾಣಾಪಾಯ ತರಬಲ್ಲದು. 10 ಕಿಲೊಓಮ್, 5 ವ್ಯಾಟ್ ರೆಸಿಸ್ಟರ್ ಅನ್ನು ನಿರೋಧಕ ಹಿಡಿಕೆಯ ತಂತಿಗಳಿಂದ ಮುಟ್ಟಿಸಿ ಖಾಲಿ ಮಾಡಿ, ಮಲ್ಟಿಮೀಟರ್‌ನಲ್ಲಿ ಸೊನ್ನೆಯ ಹತ್ತಿರ ಬಂದುದನ್ನು ಕಂಡ ಮೇಲೆಯೇ ಕೈಯಿಡಿ. ಮೊದಲ ಸಲ ಚಾಲೂ ಮಾಡುವಾಗ ಮೇನ್ಸ್ ತಂತಿಯಲ್ಲಿ ಸರಣಿಯಾಗಿ 60 ವ್ಯಾಟ್‌ನ ತಂತುವಿನ ಬಲ್ಬ್ ಹಾಕಿ, ಲೋಡ್ ಇಲ್ಲದೆ ವೋಲ್ಟೇಜ್ ಅಳೆಯಿರಿ. ಬಲ್ಬ್ ಒಮ್ಮೆ ಮಿನುಗಿ ಆರಿದರೆ ಸರಿ, ಬೆಳಗುತ್ತಲೇ ಇದ್ದರೆ ಎಲ್ಲೋ ಶಾರ್ಟ್ ಇದೆ. ಸರಿಯಿದ್ದರೆ ಬಲ್ಬ್ ತೆಗೆದು, ಬ್ಯಾಟರಿಯ ಬದಲು ಸೂಕ್ತ ಲೋಡ್ ರೆಸಿಸ್ಟರ್‌ನಿಂದ 8 ಆಂಪಿಯರ್ ಎಳೆದು ಒಂದು ಗಂಟೆ ಓಡಿಸಿ, 13.8 ವೋಲ್ಟ್ ಕದಲದೆ ನಿಲ್ಲುವುದೇ ಎಂದು ನೋಡಿ, ಅನಂತರ ಬ್ಯಾಟರಿಗೆ ಜೋಡಿಸಿ.