ಕಳೆದುಹೋದ ಪ್ರೀತಿನ ಕವಿತೆ ಹೇಗೆ ತೋರಿಸುತ್ತೆ? ಬರೀ ದುಃಖದ ಪದಗಳಿಂದಾನಾ?

ಕಣ್ಣೀರು, ಒಂಟಿತನ, ವಿರಹ ಅಂತ ಪದ ಸುರಿದ್ರೆ ಅದು ವಾಟ್ಸಾಪ್ ಸ್ಟೇಟಸ್ ಆಗುತ್ತೆ ಅಷ್ಟೆ. ನೋವು ಇರೋದು ಹೇಳೋ ರೀತಿಲಿ.

12ನೇ ಶತಮಾನದ ಅಕ್ಕಮಹಾದೇವಿ ವಚನ ಒಂದಿದೆಯಲ್ಲ, ಚಿಲಿಮಿಲಿ ಅಂತ ಓದೋ ಗಿಳಿಗಳನ್ನ ಕೇಳ್ತಾಳೆ, ಆಮೇಲೆ ಕೋಗಿಲೆ, ದುಂಬಿ, ಹಂಸ, ನವಿಲು, ಎಲ್ಲರಿಗೂ ಅದೇ ಪ್ರಶ್ನೆ, "ನೀವು ಕಾಣಿರೆ, ನೀವು ಕಾಣಿರೆ", ಒಬ್ಬರೂ ಉತ್ತರ ಕೊಡಲ್ಲ, ಆದ್ರೂ ಕೇಳೋದು ನಿಲ್ಲಲ್ಲ, ಆ ರಿಪೀಟಲ್ಲೇ ಹುಡುಕಾಟದ ಸುಸ್ತು, ಹಟ ಎರಡೂ ಬಂದುಬಿಡುತ್ತೆ. ಯಾರನ್ನ ಹುಡುಕ್ತಿದಾಳೆ ಅಂತ ಗೊತ್ತಾಗೋದು ಕೊನೇಲಿ, ಚೆನ್ನಮಲ್ಲಿಕಾರ್ಜುನ ಅನ್ನೋ ಹೆಸರು ಬಂದಾಗ. ವಚನಕಾರರ ಸಹಿ ಥರ ಇರೋ ಅಂಕಿತ ಇಲ್ಲಿ ಕಾಣದೇ ಹೋದ ಗಂಡನ ಹೆಸರೂ ಹೌದು. (ಇದು ಭಕ್ತಿ ಅಲ್ವಾ ಅಂತೀರೇನೋ, ಹೌದು, ಆದ್ರೆ ಭಾಷೆ ಪೂರ್ತಿ ಪ್ರೇಮದ್ದೇ.)

ಲಯಾನೂ ಇದೇ ಕೆಲಸ ಮಾಡುತ್ತೆ. ಇಂಗ್ಲಿಷ್ ಕವಿ ಥಾಮಸ್ ಹಾರ್ಡಿಗೂ ಹೆಂಡತಿ ಎಮ್ಮಾಗೂ ವರ್ಷಗಟ್ಟಲೆ ಸರಿ ಇರ್ಲಿಲ್ಲ, 1912ರಲ್ಲಿ ಆಕೆ ತೀರಿಕೊಂಡ್ಮೇಲೆ ಇವನಿಗೆ ಪ್ರೀತಿ ಉಕ್ಕಿಬಂತು. ಆಗ ಬರೆದ 'ದ ವಾಯ್ಸ್' ಪದ್ಯದ ಮೊದಲ ಮೂರು ಭಾಗ ಉದ್ದುದ್ದ ಸಾಲು, ತೂಗೋ ಲಯ, ಅವಳ ದನಿ ಕೇಳಿಸ್ತಿದೆ ಅನ್ನೋ ಭ್ರಮೆ. ನಾಲ್ಕನೇದ್ರಲ್ಲಿ ಸಾಲು ತುಂಡಾಗುತ್ತೆ, ಅವನು ಎಡವ್ತಾ ನಡೀತಾನೆ, ಲಯಾನೂ ಎಡವುತ್ತೆ. ಬೇಕಂತ್ಲೇ ಮುರಿದಿದ್ದದು. ಜೋರಾಗಿ ಓದಿ ನೋಡಿ, ಅರ್ಥಕ್ಕಿಂತ ಮುಂಚೆ ಕಿವಿಗೇ ಗೊತ್ತಾಗುತ್ತೆ.