"ಆರಾಮ ಅದೀನಿ" ಅಂತ ಇನ್ನೆಷ್ಟು ದಿನ ಹೇಳ್ತೀಯಾ?

ಪ್ರಶ್ನೆ: ಅಕ್ಕಾ, ನಮ್ದು ಸಿಂಧನೂರು ತಾಲ್ಲೂಕು. ರಾಯಚೂರಲ್ಲಿ ಇಂಜಿನಿಯರಿಂಗ್ ಓದ್ತಿದ್ದೆ, ಕಾಲೇಜಿನ ಕಡೆಯಿಂದ ಒಂದು ಸೆಮಿಸ್ಟರಿಗೆ ಜರ್ಮನಿಗೆ ಬಂದೀನಿ. ಐದು ವಾರ ಆಯ್ತು. ಕ್ಲಾಸು ಬಿಟ್ಟರೆ ರೂಮು. ನನ್ನ ಇಂಗ್ಲಿಷಿಗೆ ನನಗೇ ನಾಚಿಕೆ, ಯಾರ ಜೊತೆಗೂ ಮಾತಿಲ್ಲ. ಅವ್ವ ಕಟ್ಟಿಕೊಟ್ಟ ಶೇಂಗಾ ಹಿಂಡಿ ಡಬ್ಬಿ ಸಹ ಬಿಚ್ಚಿಲ್ಲ, ಬಿಚ್ಚಿದರೆ ಅಳು ಬರುತ್ತೆ ಅಂತ. ಅಪ್ಪ ಎರಡು ಎಕರೆ ಗದ್ದೆ ಒತ್ತೆ ಇಟ್ಟು ಕಳಿಸಿದ್ದಾರೆ. ವಿಡಿಯೋ ಕಾಲ್‌ನಲ್ಲಿ "ಆರಾಮ ಅದೀನಿ" ಅಂತೀನಿ, ಆಮೇಲೆ ನಿದ್ದೆ ಬರಲ್ಲ. ವಾಪಸ್ ಬಂದುಬಿಡಲಾ?

ಉತ್ತರ: ತಮ್ಮಾ, ನಾನು ಧಾರವಾಡ ದಾಟಿ ಓದೋಕೆ ಹೋದವಳಲ್ಲ. ಅದಕ್ಕೆ ನಿನ್ನ ಪತ್ರ ಹಿಡಿದುಕೊಂಡು, ಜರ್ಮನಿಯಲ್ಲೇ ಓದಿ ಬಂದ ನಮ್ಮ ಅಕ್ಕನ ಮಗಳನ್ನು ಕೂರಿಸಿಕೊಂಡು ಒಂದು ಸಂಜೆ ಪೂರ್ತಿ ವಿಚಾರಿಸಿದೆ. ಅವಳು ಕೇಳಿದ ಮೊದಲ ಪ್ರಶ್ನೆ ಏನು ಗೊತ್ತಾ? "ಆ ಹುಡುಗ ಭಾನುವಾರ ಏನು ಮಾಡ್ತಾನೆ?" ಅಲ್ಲಿ ಭಾನುವಾರ ಅಂಗಡಿಗಳೇ ತೆರೆಯೋದಿಲ್ಲ, ನವೆಂಬರಿನಲ್ಲಿ ಸಂಜೆ ಐದಕ್ಕೆಲ್ಲ ಕತ್ತಲು, ಎದುರು ರೂಮಿನವನ ಬಾಗಿಲ ಸದ್ದು ಕೂಡ ಕೇಳಿಸೋದಿಲ್ಲ. ರಾಯಚೂರಿನ ಬಿಸಿಲಲ್ಲಿ, ಬೀದಿ ಗದ್ದಲದಲ್ಲಿ ಬೆಳೆದವನಿಗೆ ಇದು ಎದೆ ಮೇಲೆ ಕಲ್ಲು ಇಟ್ಟ ಹಾಗೆ ಆಗದೆ ಇನ್ನೇನಾಗುತ್ತೆ? ನೀನು ಹೇಡಿ ಅಲ್ಲ. ಅರ್ಧ ತಪ್ಪು ನವೆಂಬರಿನದು.

ಇನ್ನು ದುಡ್ಡು. ನಿನ್ನ ಪತ್ರದಲ್ಲಿ ಗದ್ದೆ ಸುದ್ದಿ ಓದಿದರೆ ಅಪ್ಪನ ದುಡ್ಡೆಲ್ಲ ಆಗಲೇ ಮುಳುಗಿಹೋಯಿತು ಅನ್ನೋ ಹಾಗಿದೆ. ವೀಸಾಕ್ಕೆ ಬ್ಲಾಕ್ಡ್ ಅಕೌಂಟಿನಲ್ಲಿ, ಅಂದರೆ ತಿಂಗಳಿಗೆ ಇಷ್ಟೇ ಅಂತ ತೆಗೆಯೋಕೆ ಬಿಡೋ ಖಾತೆಯಲ್ಲಿ, ಹಣ ಇಟ್ಟಿರ್ತೀಯಲ್ಲ, ತಿಂಗಳಿಗೆ 992 ಯೂರೋ ಲೆಕ್ಕದಲ್ಲಿ? ಆರು ತಿಂಗಳಿಗೆ 5,952, ಅಂದರೆ ನಮ್ಮ ದುಡ್ಡಿನಲ್ಲಿ ಹತ್ತಿರ ಆರು ಲಕ್ಷ. ಅದು ಫೀಸಲ್ಲ, ನಿನ್ನದೇ ಹಣ, ತಿಂಗಳು ತಿಂಗಳು ನಿನ್ನ ಕೈಗೆ ಬರುತ್ತೆ. ನಡುವೆ ವಾಪಸ್ ಬಂದರೆ ಉಳಿದದ್ದನ್ನು ಬಿಡಿಸಿಕೊಳ್ಳೋಕೆ ಒಂದಿಷ್ಟು ಕಾಗದಪತ್ರದ ಓಡಾಟ ಇರುತ್ತೆ, ಅಷ್ಟೇ. ಹೋಗುವುದು ವಿಮಾನದ ದುಡ್ಡು, ಅಲ್ಲಿವರೆಗೆ ಖರ್ಚಾದದ್ದು, ಮತ್ತೆ ಈ ಸೆಮಿಸ್ಟರಿನ ಕ್ರೆಡಿಟ್ಟು. ಕಮ್ಮಿ ನಷ್ಟ ಅಂತ ಹೇಳ್ತಿಲ್ಲ. ಆದರೆ ಬಾಗಿಲು ಮುಚ್ಚಿಲ್ಲ ಅಂತ ಗೊತ್ತಿದ್ದರೆ ಒಳಗೆ ಕೂರೋದು ಸ್ವಲ್ಪ ಸುಲಭ, ಅಲ್ವಾ?

ನನಗೆ ನಿನ್ನ ಜರ್ಮನಿಗಿಂತ ಜಾಸ್ತಿ ಚಿಂತೆ ಆಗಿರೋದು ಆ ಫೋನಿನದು. ನಾನೂ ಇದನ್ನೇ ಮಾಡಿದವಳು. ಧಾರವಾಡದ ಹಾಸ್ಟೆಲಿನಲ್ಲಿ ಮೊದಲ ಎರಡು ತಿಂಗಳು ಒಂದೇ ಸಮ ಅಳ್ತಿದ್ದೆ, ಇನ್‌ಲ್ಯಾಂಡ್ ಪತ್ರದಲ್ಲಿ ಮಾತ್ರ "ಇಲ್ಲಿ ಎಲ್ಲ ಕ್ಷೇಮ". ಒಂದು ದಿನ ಅಪ್ಪ ಹೇಳದೆ ಕೇಳದೆ ಬಸ್ಸು ಹತ್ತಿ ಬಂದರು. ಮುಖ ನೋಡಿದರು, ಏನೂ ಬೈಯಲಿಲ್ಲ, ಗಿರ್ಮಿಟ್ ಕೊಡಿಸಿದರು. ತಿಂದಾದ ಮೇಲೆ "ಬರ್ತಿ ಏನವಾ ಊರಿಗೆ?" ಅಂತ ಕೇಳಿದರು. ಯಾಕೋ ಗೊತ್ತಿಲ್ಲ, ಹಾಗೆ ಕೇಳಿದ ಮೇಲೆ ಬರಬೇಕು ಅನ್ನಿಸಲಿಲ್ಲ.

ನಿಮ್ಮಪ್ಪ ಬಸ್ಸು ಹತ್ತಿ ಬರೋಕೆ ಆಗೋದಿಲ್ಲ, ನೀನೇ ಹೇಳಬೇಕು. ಅಪ್ಪ ಕುಸಿದುಹೋಗ್ತಾರೆ ಅಂತ ಹೆದರ್ತಿದ್ದೀಯ. ತುಂಗಭದ್ರಾ ಎಡದಂಡೆ ಕಾಲುವೆ ನಂಬಿ ಭತ್ತ ಹಚ್ಚುವ ಜನ ನಿಮ್ಮ ಕಡೆಯವರು. ಕೆಳಭಾಗಕ್ಕೆ ನೀರು ಬರುತ್ತೋ ಇಲ್ಲವೋ ಅಂತ ಕಾಯೋದೇ ಅವರಿಗೆ ಒಂದು ಹಂಗಾಮು. ಒಣಗುತ್ತಿರೋ ಗದ್ದೆ ಬದುವಿನ ಮೇಲೆ ನಿಂತವರಿಗೆ ಮಗನ ಬೇಜಾರಿನ ಸುದ್ದಿ ತಡೆದುಕೊಳ್ಳೋಕೆ ಆಗಲ್ಲ ಅಂತ ತಿಳ್ಕೋಬೇಡ. ರಾತ್ರಿ ಹೊತ್ತು ಫೋನ್ ಮಾಡಬೇಡ, ನಿನಗೆ ಎಂಟು ಗಂಟೆ ಆದರೆ ಅವರಿಗೆ ಹನ್ನೆರಡೂವರೆ. ನಿನ್ನ ಮಧ್ಯಾಹ್ನ ಮೂರೂವರೆಗೆ ಮಾಡು, ಇಲ್ಲಿ ಎಂಟು ಆಗಿರುತ್ತೆ, ಉಂಡು ಕಟ್ಟೆ ಮೇಲೆ ಕೂತಿರ್ತಾರೆ. "ಅಪ್ಪಾ, ಬಾಳ ಬ್ಯಾಸರ ಆಗೇತಿ" ಅಷ್ಟೇ ಹೇಳು. ವಾಪಸ್ ಬರೋ ಮಾತು ಅವತ್ತು ಬೇಡ.

ಅಕ್ಕನ ಮಗಳು ಇನ್ನೊಂದು ಕೇಳಿದಳು. ಮನೆ ವಿಳಾಸ ನೋಂದಾಯಿಸೋದು, ಅಲ್ಲಿ ಆನ್‌ಮೆಲ್ಡುಂಗ್ ಅಂತಾರಂತೆ, ರೂಮಿಗೆ ಬಂದ ಎರಡು ವಾರದೊಳಗೆ ಆಗಬೇಕು. ಮಾಡಿಸಿದ್ದೀಯಾ? ರೂಮಲ್ಲೇ ಕೂತವನು ಅಂದಮೇಲೆ ನನಗೆ ಅನುಮಾನ. ಆಗಿಲ್ಲದಿದ್ದರೆ ನಾಳೆನೇ ಯೂನಿವರ್ಸಿಟಿಯ ಇಂಟರ್‌ನ್ಯಾಷನಲ್ ಆಫೀಸಿಗೆ ಹೋಗಿ ಕೇಳು, ಜೊತೆಗೆ ಪಾಸ್‌ಪೋರ್ಟಿನಲ್ಲಿ ಅಂಟಿಸಿರೋ ವೀಸಾದ ಕೊನೆ ದಿನಾಂಕ ನೋಡಿಕೋ. ಮೂರು ತಿಂಗಳದ್ದಾಗಿದ್ದರೆ ಮುಂದಕ್ಕೆ ಇರೋ ಪರ್ಮಿಟ್ಟಿಗೆ ಈಗಲೇ ಅರ್ಜಿ ಹಾಕಬೇಕು. ಬೇಜಾರಲ್ಲಿ ಇದನ್ನು ಮರೆತರೆ ಬೇಜಾರಿನ ಜೊತೆ ತಾಪತ್ರಯನೂ ಸೇರುತ್ತೆ.

ಇಂಗ್ಲಿಷಿನ ವಿಷಯಕ್ಕೆ ಜಾಸ್ತಿ ಹೇಳಲ್ಲ. ಅದು ಅವರಿಗೂ ಮನೆಮಾತಲ್ಲ ಮಾರಾಯ, ಅವರೂ ಸ್ಕೂಲಲ್ಲಿ ಕಲಿತವರೇ.

ನಿದ್ದೆ ಬರಲ್ಲ ಅಂದಿದ್ದೀಯಲ್ಲ, ಅದನ್ನು ಹಗುರ ಮಾಡಬೇಡ. ಅಲ್ಲಿ ಹಾಸ್ಟೆಲ್ಲು, ಮೆನ್ಸಾ ಅನ್ನೋ ಕ್ಯಾಂಟೀನು ನಡೆಸೋ ಸ್ಟುಡೀರೆಂಡೆನ್‌ವೆರ್ಕ್ ಅಂತ ಸಂಸ್ಥೆ ಇರುತ್ತೆ, ಸಾಮಾನ್ಯವಾಗಿ ಅವರದ್ದೇ ಆಪ್ತ ಸಮಾಲೋಚಕರೂ ಇರ್ತಾರೆ. ಇಂಗ್ಲಿಷಿನಲ್ಲಿ ಮಾತಾಡೋರು ಇದ್ದಾರಾ ಕೇಳಿ ಹೋಗು, ಹುಚ್ಚರು ಮಾತ್ರ ಹೋಗೋ ಜಾಗ ಅಲ್ಲ ಅದು. ಸಾಯಬೇಕು ಅನ್ನೋ ಯೋಚನೆ ಒಂದು ಸಲ ಬಂದರೂ ನನ್ನ ಉತ್ತರ ಬದಲಾಗುತ್ತೆ: ಆಗಲೇ 112ಕ್ಕೆ ಫೋನ್ ಮಾಡು, ಆಮೇಲೆ ಮನೆಗೆ ಹೇಳು, ಟಿಕೆಟ್ ಮಾಡಿಸು. ಸೆಮಿಸ್ಟರು ಹಾಳಾಗಿ ಹೋಗಲಿ.

ಹಾಗಿಲ್ಲ, ಬರೀ ಬೇಜಾರು ಅಂದರೆ ಡಿಸೆಂಬರ್ 15ರವರೆಗೆ ವಾಪಸ್ಸಿನ ಮಾತು ಎತ್ತಬೇಡ. ಅವತ್ತು ಕೂತು ತೀರ್ಮಾನ ಮಾಡು, ಯಾಕಂದರೆ ಆಮೇಲೆ ಕ್ರಿಸ್‌ಮಸ್ ರಜೆಗೆ ಅಲ್ಲಿನ ಹುಡುಗರು ಮನೆಗೆ ಹೋಗಿಬಿಡ್ತಾರೆ, ಹಾಸ್ಟೆಲ್ಲು ಭಣಭಣ ಅನ್ನುತ್ತೆ. ಇರೋದಾದರೆ ಆ ದಿನಗಳನ್ನು ಯಾರ ಜೊತೆ ಕಳೀತೀಯ ಅಂತ ಮೊದಲೇ ನೋಡ್ಕೋ.

ಆ ಹಿಂಡಿ ಡಬ್ಬಿ ರೂಮಲ್ಲಿ ಬಿಚ್ಚಬೇಡ. ಈ ಭಾನುವಾರ ಎಲ್ಲರೂ ಬಳಸೋ ಅಡುಗೆಮನೆಗೆ ತಗೊಂಡು ಹೋಗು, ಒಂದು ಪಾವು ಅನ್ನಕ್ಕಿಟ್ಟು ಅಲ್ಲೇ ಬಿಚ್ಚು. ಬೆಳ್ಳುಳ್ಳಿ ವಾಸನೆಗೆ ಯಾರಾದರೂ ಬಂದೇ ಬರ್ತಾರೆ, ಬೈಯೋಕಾದರೂ.